ಘಟ್ಟದಿಂದ ಅಳಿವೆಯವರೆಗೆ: ಹೊಸ ಅಕ್ಕೋರಿಗೊಂದು ಕಿವಿಮಾತು

ತಂಗೀ,

ವಿಜಯಪುರದ ಕಡೆಯಿಂದ ಬಂದು ಹೊನ್ನಾವರ ತಾಲೂಕಿನ ಶಾಲೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಇಕೋ ಕ್ಲಬ್ಬಿನ ಹೊಣೆ ನಿನ್ನ ಹೆಗಲಿಗೆ ಬಿದ್ದಿದೆ. ನೀರಿನ ವಿಷಯದಲ್ಲಿ ಮಕ್ಕಳಿಂದ ಏನು ಮಾಡಿಸಲಿ ಅಂತ ಕೇಳಿದ್ದೀಯ. ಭಟ್ಕಳ, ಹೊನ್ನಾವರ, ಕುಮಟಾದ ಶಾಲೆಗಳಲ್ಲೇ ನೌಕರಿ ಮುಗಿಸಿದವಳು ನಾನು. ತಿಳಿದಷ್ಟನ್ನು ಮುಚ್ಚಿಡದೆ ಹೇಳುತ್ತೇನೆ.

ಮೊದಲನೆಯ ಮಾತು: ಭಿತ್ತಿಪತ್ರದಿಂದ ಶುರು ಮಾಡಬೇಡ. ಪ್ರತಿವರ್ಷ ಮಾರ್ಚ್ 22ಕ್ಕೆ ವಿಶ್ವ ಜಲದಿನ ಬರುತ್ತದೆ, ಮಕ್ಕಳು ಒಂದು ನಲ್ಲಿ, ಅದರ ಬಾಯಲ್ಲೊಂದು ಹನಿ, ಕೆಳಗೆ ಬಿರುಕುಬಿಟ್ಟ ನೆಲ ಬರೆಯುತ್ತಾರೆ. ಬಹುಮಾನ ಸಿಗುತ್ತದೆ, ಚಿತ್ರ ಕಪಾಟಿಗೆ ಹೋಗುತ್ತದೆ. ಆ ಬಿರುಕುಬಿಟ್ಟ ನೆಲ ನೀನು ಕಂಡದ್ದು, ನಿನ್ನ ಮುಂದೆ ಕೂತ ಮಗು ಕಂಡದ್ದಲ್ಲ. ಜೂನ್‌ನಿಂದ ನಾಲ್ಕು ತಿಂಗಳು ಒದ್ದೆ ಯೂನಿಫಾರಂನಲ್ಲಿ ಶಾಲೆಗೆ ಬರುವ ಮಗುವಿಗೆ ನೀರಿಲ್ಲದ ನೆಲದ ಚಿತ್ರ ತೋರಿಸಿದರೆ, ಇದು ಎಲ್ಲೋ ದೂರದವರ ಕಷ್ಟ ಅಂತ ಅದು ತೀರ್ಮಾನಿಸಿಬಿಡುತ್ತದೆ. ಮುಂದೆ ನೀನು ಎಷ್ಟು ಹೇಳಿದರೂ ಕಿವಿಗೆ ಬೀಳುವುದಿಲ್ಲ.

ಬದಲಿಗೆ ಒಂದು ಪ್ರಶ್ನೆಯಿಂದ ಶುರು ಮಾಡು. ನಿಮ್ಮೂರಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ನಮ್ಮ ಕರಾವಳಿಯಲ್ಲಿ 3,500ರ ಆಸುಪಾಸು. ಐದಾರು ಪಟ್ಟು ಹೆಚ್ಚು. ಹಾಗಿದ್ದೂ ಏಪ್ರಿಲ್ ಬಂತೆಂದರೆ ನಮ್ಮ ಎಷ್ಟೋ ಕೇರಿಗಳಿಗೆ ಟ್ಯಾಂಕರ್ ಬರುತ್ತದೆ, ಹೆಂಗಸರು ಕೊಡಪಾನ ಹಿಡಿದು ಸಾಲು ನಿಲ್ಲುತ್ತಾರೆ. ಇಷ್ಟು ಮಳೆ ಬೀಳುವ ಊರಿಗೆ ಟ್ಯಾಂಕರ್ ಯಾಕೆ ಬಂತು? ಇದನ್ನು ಕರಿಹಲಗೆಯ ಮೂಲೆಯಲ್ಲಿ ಬರೆದಿಡು, ಅಳಿಸಬೇಡ. ಉತ್ತರವನ್ನು ನೀನೂ ಹೇಳಬೇಡ. ವರ್ಷವಿಡೀ ಮಾಡುವ ಪ್ರತಿಯೊಂದು ಕೆಲಸವೂ ಆ ಪ್ರಶ್ನೆಗೇ ಬಂದು ಕೂಡಲಿ.

ಉತ್ತರದ ಒಂದು ತುದಿ ನಮ್ಮ ನೆಲದ ಆಕಾರದಲ್ಲಿದೆ. ನೀನು ಬಸ್ಸಲ್ಲಿ ಗೇರುಸೊಪ್ಪೆ ಘಟ್ಟ ಇಳಿದು ಬಂದವಳು, ನೋಡಿರುತ್ತೀಯ. ಸಹ್ಯಾದ್ರಿ ಇಲ್ಲಿ ಸಮುದ್ರಕ್ಕೆ ತೀರಾ ಹತ್ತಿರ. ಭಟ್ಕಳದಲ್ಲಂತೂ ಬೆಟ್ಟದ ಬುಡ ಬಿಟ್ಟರೆ ಪೇಟೆ, ಪೇಟೆ ದಾಟಿದರೆ ಕಡಲು. ಕೃಷ್ಣೆಯೋ ಭೀಮೆಯೋ ಹರಿದಂತೆ ನೂರಾರು ಮೈಲಿ ಹರಿಯುವ ಹೊಳೆಗಳಲ್ಲ ನಮ್ಮವು. ಶರಾವತಿ, ಅಘನಾಶಿನಿ ಎರಡೂ ಸುಮಾರು 120 ಕಿಲೋಮೀಟರ್ ಆಸುಪಾಸಿನವು. ಭಟ್ಕಳದ ವೆಂಕಟಾಪುರ ಹೊಳೆ ಅದಕ್ಕಿಂತ ಎಷ್ಟೋ ಗಿಡ್ಡ. ಊರೂರಿನ ಹಳ್ಳಗಳಂತೂ ನಾಲ್ಕಾರು ಕಿಲೋಮೀಟರಿಗೆ ಮುಗಿದೇ ಹೋದಾವು. ರಾತ್ರಿ ಗುಡ್ಡದ ತಲೆಯ ಮೇಲೆ ಸುರಿದ ಮಳೆ ಬೆಳಗಾಗುವಷ್ಟರಲ್ಲಿ ಅಳಿವೆಯಲ್ಲಿರುತ್ತದೆ. ಬಿದ್ದ ನೀರನ್ನು ಹಿಡಿದಿಡುವುದು ಬೆಟ್ಟ ಮಾತ್ರ. ಬೆಟ್ಟವೇ ನಮ್ಮ ಕಣಜ: ನಾಲ್ಕು ತಿಂಗಳಲ್ಲಿ ತುಂಬಿಕೊಳ್ಳಬೇಕು, ಎಂಟು ತಿಂಗಳು ಉಣ್ಣಿಸಬೇಕು. ಜಲಾನಯನ ಅಂತ ಪುಸ್ತಕದಲ್ಲಿರುವ ಪಾಠ ನಮ್ಮ ಮಕ್ಕಳಿಗೆ ಅರ್ಥವಾಗಬೇಕಾದ್ದು ಹೀಗೆ.

ನಾನು ಕಲಿಸಬೇಕು ಅನ್ನುವುದು ಇಷ್ಟೇ, ತಂಗೀ. ನೀರು ಸಮುದ್ರಕ್ಕೆ ಹೋಗಲಿ, ಅವಸರದಲ್ಲಿ ಹೋಗದಿರಲಿ. ಆಷಾಢದಲ್ಲಿ ಬಿದ್ದ ಮಳೆ ಫಾಲ್ಗುಣದಲ್ಲೂ ಹಳ್ಳದಲ್ಲಿ ಸಣ್ಣಗೆ ಹರಿಯುತ್ತಿರಬೇಕು. ಮಕ್ಕಳಿಗೆ ಇದೊಂದು ಮನಸ್ಸಿಗೆ ಹತ್ತಿದರೆ ಮಿಕ್ಕದ್ದನ್ನು ತಾವೇ ಕಂಡುಕೊಳ್ಳುತ್ತಾರೆ.

ಈಗ ಕೆಲಸಕ್ಕೆ ಬಾ. ಮಳೆಗಾಲದಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಬೇಡ, ಹಳ್ಳದ ಹತ್ತಿರವಂತೂ ಸುಳಿಯುವುದೂ ಬೇಡ. ಆಗ ಶಾಲೆಯ ಮಾಡು ಸಾಕು. ಬದಿ ನೆಟ್ಟಗಿರುವ, ತಳ ಸಪಾಟಾದ ಒಂದು ಡಬ್ಬಿಯನ್ನು ಮರದ ನೆರಳಿಲ್ಲದ ಜಾಗದಲ್ಲಿ ಇಡಿಸು. ದಿನಾ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಒಂದು ಮಗು ಸ್ಕೇಲ್ ಇಳಿಸಿ ಎಷ್ಟು ಮಿಲಿಮೀಟರ್ ಅಂತ ನೋಡಲಿ, ಬರೆಯಲಿ, ಚೆಲ್ಲಲಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಐದನೆಯ ತರಗತಿಯ ಮಗುವಿಗೂ ಈ ಲೆಕ್ಕ ಬರುತ್ತದೆ. ನಿಮ್ಮ ಮಾಡು 100 ಚದರ ಮೀಟರ್ ಇದ್ದರೆ ವರ್ಷಕ್ಕೆ ಅದರ ಮೇಲೆ ಬೀಳುವುದು ಮೂರೂವರೆ ಲಕ್ಷ ಲೀಟರ್. 150 ಮಕ್ಕಳು ದಿನಕ್ಕೆ ಎರಡೆರಡು ಲೀಟರಿನಂತೆ 220 ಶಾಲಾದಿನ ಕುಡಿದರೂ 66,000 ಲೀಟರ್. ಲೆಕ್ಕ ಮುಗಿಸಿ ಮಕ್ಕಳು ತಲೆಯೆತ್ತಿ ಮಾಡಿನಂಚನ್ನು ನೋಡುತ್ತಾರೆ ನೋಡು, ಆ ಕ್ಷಣಕ್ಕಾಗಿ ನೀನು ಕಾಯಬೇಕು.

ಆಮೇಲೆ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ, ಹಾಗಾದರೆ ಟಾಕಿ ಕಟ್ಟಿ ತುಂಬಿಸೋಣ ಅಕ್ಕೋರೇ ಅಂತ. ಕಟ್ಟಿಸಬಹುದು, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿಯ ಮಳೆಗೆ ಯಾವ ಟಾಕಿಯೂ ಮೃಗಶಿರೆಯಲ್ಲೇ ತುಂಬಿ ಹೊರಚೆಲ್ಲುತ್ತದೆ, ಉಳಿದ ನಕ್ಷತ್ರಗಳ ಮಳೆಗೆ ಜಾಗವೇ ಇರುವುದಿಲ್ಲ. ಮಾಡಿನ ನೀರನ್ನು ಮರಳು, ಜಲ್ಲಿಯಲ್ಲಿ ಸೋಸಿ ಬಾವಿಗೋ ನೆಲಕ್ಕೋ ಬಿಡುವುದು ನಮ್ಮ ಕಡೆಗೆ ಹೆಚ್ಚು ಹೊಂದುವ ದಾರಿ. ಕಾಸರಗೋಡು ಗಡಿಯ ವಾಣಿನಗರದಲ್ಲಿರುವ ಶ್ರೀ ಪಡ್ರೆಯವರು ದಶಕಗಳಿಂದ ಕನ್ನಡದಲ್ಲಿ ನೀರಿಂಗಿಸುವ ಅನುಭವಗಳನ್ನು ಹುಡುಕಿ ಹುಡುಕಿ ಬರೆದಿದ್ದಾರೆ. ನಮ್ಮಂಥದೇ ಮಳೆ, ನಮ್ಮಂಥದೇ ಮುರಕಲ್ಲಿನ ಗುಡ್ಡದ ನಡುವೆ ಕೂತು ಬರೆದವರು. ಅವರ ಪುಸ್ತಕಗಳನ್ನು ಶಾಲೆಯ ಗ್ರಂಥಾಲಯಕ್ಕೆ ತರಿಸು, ಮೊದಲು ನೀನು ಓದು.

ಎರಡನೆಯ ಕೆಲಸ ಬಾವಿಯ ಪುಸ್ತಕ. ನನಗೆ ಕೇಳಿದರೆ ಇಡೀ ಇಕೋ ಕ್ಲಬ್ಬಿನಲ್ಲಿ ಬೇರೇನೂ ಆಗದೆ ಇದೊಂದೇ ಆದರೂ ಸಾಕು. ಶಾಲೆಯದಾಗಲಿ, ಪಕ್ಕದ ಮನೆಯದಾಗಲಿ, ಕಟ್ಟೆ ಭದ್ರವಾಗಿರುವ ಒಂದು ಬಾವಿ ಆರಿಸಿಕೊ. ತೆಂಗಿನ ನಾರಿನ ಹಗ್ಗಕ್ಕೆ ಅಡಿಗೊಂದರಂತೆ ಗಂಟು ಹಾಕಿಸು, ತುದಿಗೆ ಅಂಗೈಯಗಲದ ಕಲ್ಲು ಕಟ್ಟಿಸು. ವಾರಕ್ಕೊಮ್ಮೆ, ಬೆಳಗ್ಗೆ ಯಾರೂ ನೀರು ಸೇದುವ ಮುಂಚೆ, ಕಟ್ಟೆಯ ಒಂದೇ ಗುರುತಿನಿಂದ ಹಗ್ಗ ಇಳಿಸಬೇಕು. ಕಲ್ಲು ನೀರಿಗೆ ತಾಗಿದ ಸಪ್ಪಳ ಕೇಳಿದೊಡನೆ ಬೆರಳಿಂದ ಹಗ್ಗ ಹಿಡಿದು ಮೇಲೆಳೆದು ಗಂಟು ಎಣಿಸಬೇಕು. ಹಗ್ಗ ಹಿಡಿಯುವವರು ಇಬ್ಬರು, ಬರೆಯುವವರು ಒಬ್ಬರು, ಮಿಕ್ಕವರು ಕಟ್ಟೆಯಿಂದ ಮಾರುದೂರ. ನೀನು ಇಲ್ಲದೆ ಒಂದು ದಿನವೂ ನಡೆಯಕೂಡದು, ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಮೊದಮೊದಲು ಮಕ್ಕಳಿಗೆ ಬೇಸರ. ಜುಲೈ, ಆಗಸ್ಟ್‌ನಲ್ಲಿ ಬಗ್ಗಿದರೆ ಕೈಗೆ ಸಿಗುವಷ್ಟು ನೀರು, ಅಳೆಯುವುದೇನು ಬಂತು? ದೀಪಾವಳಿ ಕಳೆಯಲಿ. ಒಂದು ಗಂಟು ಇಳಿಯುತ್ತದೆ, ಮತ್ತೊಂದು ಇಳಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಇಳಿಯುವ ವೇಗ ಹೆಚ್ಚುತ್ತದೆ. ಊರಿನ ಮೇಲ್ಭಾಗದ ಬಾವಿ ಒಂದು, ಗದ್ದೆ ಬಯಲಿನ ಬಾವಿ ಇನ್ನೊಂದು, ಎರಡನ್ನೂ ಅಳೆಯಿಸಿದರೆ ಇನ್ನೂ ಒಳ್ಳೆಯದು. ಮೇಲಿನ ಗುಡ್ಡದಲ್ಲಿ ಯಾರಾದರೂ ಚಿರೆಕಲ್ಲಿನ ಕ್ವಾರಿ ತೆಗೆದರೋ, ಬೆಟ್ಟ ಬೋಳಿಸಿದರೋ, ಹೊಸ ಕೊಳವೆಬಾವಿ ಬಂತೋ, ಎರಡು ಮೂರು ವರ್ಷದ ಪುಸ್ತಕ ಕೂಡಿದರೆ ಅಂಕಿಯೇ ಮಾತಾಡಲು ಶುರುಮಾಡುತ್ತದೆ. ದೊಡ್ಡವರು, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅಂತಷ್ಟೇ ಅನ್ನಬಲ್ಲರು. ಈ ಮಕ್ಕಳ ಕೈಯಲ್ಲಿ ದಾಖಲೆ ಇರುತ್ತದೆ.

ಸಮುದ್ರದ ಬದಿಯ ಶಾಲೆಯಾದರೆ ಮೂರನೆಯ ಸಂಗತಿಯೊಂದಿದೆ: ಉಪ್ಪು. ಕಾಸರಕೋಡು, ಮುರ್ಡೇಶ್ವರದಂಥ ಕಡಲತಡಿಯ ಊರುಗಳಲ್ಲಿ ಬಾವಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ನೂರು ವರ್ಷಕ್ಕೂ ಹಿಂದೆ ಯುರೋಪಿನಲ್ಲಿ ಇದರ ಲೆಕ್ಕ ಹಾಕಿದ್ದಾರೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಅದರ ಕೆಳಗೆ ಸುಮಾರು 40 ಅಡಿ ಆಳದವರೆಗೂ ಸಿಹಿನೀರೇ ಇರುತ್ತದೆ. ಆ ಒಂದು ಅಡಿಯನ್ನು ಪಂಪಿಟ್ಟು ಎಳೆದುಬಿಟ್ಟರೆ ಕೆಳಗಿನ ಉಪ್ಪು ಅಷ್ಟೂ ಮೇಲೇರುತ್ತದೆ. ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ತೋರಿಸಬೇಕು. ಗಾಜಿನ ಲೋಟದಲ್ಲಿ ಅರ್ಧ ಉಪ್ಪುನೀರು ಹಾಕಿ ಒಂದಿಷ್ಟು ಕೆಂಪು ಅಡುಗೆಬಣ್ಣ ಕದಡು. ಚಮಚದ ಬೆನ್ನಿನ ಮೇಲೆ ನಿಧಾನ, ತೀರಾ ನಿಧಾನವಾಗಿ ಬಾವಿಯ ನೀರು ಇಳಿಸು. ತಿಳಿ ನೀರು ಮೇಲೆ, ಕೆಂಪು ಕೆಳಗೆ, ನಡುವೆ ಗೆರೆ ಎಳೆದಂತೆ ನಿಲ್ಲುತ್ತದೆ. ಈಗ ಒಂದು ಮಗುವಿಗೆ ಕೊಳವೆ ಕೊಟ್ಟು, ಮೇಲಿನ ನೀರಿನೊಳಕ್ಕೆ ಇಳಿಸಿ ಜೋರಾಗಿ ಎಳೆ ಅನ್ನು. ಗೆರೆ ಕಲಕಿ ಕೆಂಪು ಮೇಲೇಳುವುದನ್ನು ಇಡೀ ತರಗತಿ ನೋಡಲಿ. ಬೋರ್‌ವೆಲ್ ಪಾಠ ಅಲ್ಲಿಗೆ ಮುಗಿಯಿತು.

ಕುಮಟಾದ ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿಯ ಹೊಲಗಳಲ್ಲಿ ಬೆಳೆಯುವ ಸಿಹಿ ಈರುಳ್ಳಿಯನ್ನು ನೋಡಿರುತ್ತೀಯ, ಹೆದ್ದಾರಿಯ ಬದಿಯಲ್ಲಿ ಗೊಂಚಲು ಗೊಂಚಲಾಗಿ ಕಟ್ಟಿ ತೂಗುಹಾಕಿರುತ್ತಾರೆ. ಭತ್ತ ಕೊಯ್ದ ಮೇಲೆ ಅದೇ ಮರಳುಮಣ್ಣಿನ ಗದ್ದೆಯಲ್ಲಿ ಬೇಸಿಗೆಯಲ್ಲಿ ಬೆಳೆಯುವ ಬೆಳೆ. ಭಟ್ಕಳದ ಮಲ್ಲಿಗೆಯೂ ಹಾಗೇ, ಮನೆಯಂಗಳದ ಗಿಡಕ್ಕೆ ಬೇಸಿಗೆಯಲ್ಲಿ ಸಿಹಿನೀರು ಬೇಕು. ಬಾವಿಗೆ ಉಪ್ಪು ಬಂದರೆ ಮೊದಲು ಸೊರಗುವುದು ಇಂಥ ಬಡವರ ಕೈಕಾಸಿನ ಬೆಳೆಗಳು. ನಿನ್ನ ತರಗತಿಯಲ್ಲೇ ಹೂ ಕಟ್ಟಿ ಬರುವ ಹುಡುಗಿ ಇದ್ದಾಳು. ಅವಳಿಂದ ಕೇಳಿಸಿ ಪಾಠ ಮಾಡು.

ಮಳೆ ನಿಂತು ದಾರಿ ಒಣಗಿದ ಮೇಲೆ, ನವೆಂಬರಿನಲ್ಲಿ, ಊರ ಹಳ್ಳದ ಜೊತೆ ಒಂದು ಬೆಳಗಿನ ನಡಿಗೆ ಇಟ್ಟುಕೊ. ಕೆಳಗಿನಿಂದ ಮೇಲಕ್ಕೆ ನಡೆಯಿಸು: ಗದ್ದೆ, ಅಡಕೆ ತೋಟ, ಸೊಪ್ಪಿನ ಬೆಟ್ಟ, ಬೇಣ ಅನ್ನುವ ಹುಲ್ಲುಗಾವಲು, ಕಾನು ಅನ್ನುವ ದಟ್ಟ ಕಾಡು. ದಾರಿಯಲ್ಲಿ ಹಳ್ಳಕ್ಕೆ ಏನೇನು ಸೇರುತ್ತದೆ, ಎಲ್ಲಿ ನೀರು ತಿಳಿ, ಎಲ್ಲಿ ಕದಡು, ಎಲ್ಲಿ ಒರತೆ ಅಂತ ನಕ್ಷೆ ಬರೆಸು. ಊರಿನ ಹಿರಿಯರೊಬ್ಬರು ಜೊತೆಗಿರಲಿ. ಹಾಲಕ್ಕಿಯರೋ ನಾಮಧಾರಿಗಳೋ ಗೊಂಡರೋ, ಯಾರೇ ಆಗಲಿ, ಯಾವ ಒರತೆ ಯಾವ ತಿಂಗಳಿಗೆ ಬತ್ತುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಡಿಸೆಂಬರ್ ಬಂದ ಮೇಲೆ ಮಾತ್ರ ಕಾಡಿನೊಳಗೆ ಮಕ್ಕಳನ್ನು ಒಯ್ಯಲೇಬೇಡ. ಹೊನ್ನಾವರ, ಸಿದ್ದಾಪುರದ ಕಾಡಂಚಿನಲ್ಲಿ ಮಂಗನ ಕಾಯಿಲೆ ಇದೆ. ಅದನ್ನು ಹರಡುವ ಉಣ್ಣಿ (ಉಣುಗು) ಒಣಎಲೆಯ ದರಕಿನಲ್ಲಿ ಹೆಚ್ಚು. ನೀನು ಹೊಸಬಳು, ಅದಕ್ಕೇ ಹೇಳಬೇಕಾಯಿತು.

ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು, ಟಿ. ವಿ. ರಾಮಚಂದ್ರ ಮತ್ತು ಕುಮಟಾದ ಬಾಳಿಗಾ ಕಾಲೇಜಿನಲ್ಲಿ ಪಾಠ ಮಾಡಿದ ಎಂ. ಡಿ. ಸುಭಾಸ್‌ಚಂದ್ರನ್, ನಮ್ಮ ಜಿಲ್ಲೆಯ ಹಳ್ಳಗಳನ್ನು ವರ್ಷಗಟ್ಟಲೆ ನೋಡಿದವರು. ಅವರು ಕಂಡದ್ದು ಇದು: ಜಲಾನಯನದ 60 ಪ್ರತಿಶತಕ್ಕೂ ಹೆಚ್ಚು ಭಾಗದಲ್ಲಿ ಸ್ಥಳೀಯ ಕಾಡಿರುವ ಹಳ್ಳ ವರ್ಷವಿಡೀ ಹರಿಯುತ್ತದೆ, ಒಂದೇ ಜಾತಿಯ ನೆಡುತೋಪುಗಳೇ ತುಂಬಿದಲ್ಲಿ ಮಳೆ ನಿಂತ ಕೆಲವು ತಿಂಗಳಿಗೆ ಬತ್ತುತ್ತದೆ. ಅಕೇಶಿಯಾ ತೋಪೂ ಹಸಿರೇ, ಕಾನೂ ಹಸಿರೇ. ಮಗುವಿಗೆ ಎರಡರ ಕೆಳಗೂ ಕೂತು ಕೈಯಿಂದ ನೆಲ ಕೆದಕಲು ಹೇಳು. ಒಂದರಡಿ ಕೊಳೆಯದ ಒಣಎಲೆ, ಅದರಡಿ ಗಟ್ಟಿ ನೆಲ. ಇನ್ನೊಂದರಡಿ ಬೆರಳು ಇಳಿಯುವ ಕಪ್ಪು ಮಣ್ಣು, ತಣ್ಣಗೆ. ವನಮಹೋತ್ಸವದ ದಿನ ಯಾವ ಗಿಡ ನೆಡಬೇಕು ಅನ್ನುವುದನ್ನು ಆಮೇಲೆ ಮಕ್ಕಳೇ ಹೇಳುತ್ತಾರೆ.

ಶಾಲಾ ಪ್ರವಾಸದಲ್ಲಿ ಜೋಗಕ್ಕೆ ಹೋಗುತ್ತೀರಲ್ಲ, ಆ ದಾರಿಯಲ್ಲೇ ಕತ್ತಲೆಕಾನಿದೆ. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ನೀರಲ್ಲೇ ನಿಂತ ಮರಗಳು, ಮೊಣಕಾಲು ಮಡಚಿದಂತೆ ಮೇಲೆದ್ದ ಬೇರುಗಳು. ಅರಣ್ಯ ಇಲಾಖೆಯ ಒಪ್ಪಿಗೆ ಕೇಳಿ, ದಾರಿ ಬಲ್ಲವರ ಜೊತೆ, ಮಕ್ಕಳಿಗೆ ಅಂಚಿನಿಂದಾದರೂ ತೋರಿಸು. ಕಾಸರಕೋಡಿನಲ್ಲಿ ಡಾ. ಕುಸುಮಾ ಸೊರಬ ಕಟ್ಟಿದ ಸ್ನೇಹಕುಂಜದವರು ಈ ಜಡ್ಡಿಗಳನ್ನು ಊರವರ ಜೊತೆಗೂಡಿ ಉಳಿಸುವ ಕೆಲಸ ಮಾಡಿದ್ದಾರೆ. ನಿನ್ನ ಶಾಲೆಗೆ ಹತ್ತಿರವೇ, ಹೋಗಿ ಮಾತಾಡಿಸು. ಕುಸುಮಕ್ಕ 1998ರಲ್ಲೇ ತೀರಿಕೊಂಡರು. ಹಳ್ಳಿಯ ಹೆಂಗಸರ ಆರೋಗ್ಯಕ್ಕಾಗಿ ಬಂದ ವೈದ್ಯೆ ಹೊಳೆ, ಕಾಡುಗಳ ಪರವಾಗಿಯೂ ನಿಂತರು. ರೋಗ ಎಲ್ಲಿಂದ ಹುಟ್ಟುತ್ತದೆ ಅಂತ ಹುಡುಕಿಕೊಂಡು ಹೋದವರಿಗೆ ಆ ದಾರಿ ಸಹಜವಾಗಿಯೇ ಸಿಗುತ್ತದೆ.

ಈಗ ನಿನ್ನ ಹತ್ತಿರ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾದ ಮಾತು. ಮೊನ್ನೆ ನೀನೇ ಅಂದೆ, ಇಲ್ಲಿ ಇಷ್ಟೊಂದು ನೀರು ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗುತ್ತದಲ್ಲ ಅಂತ. ನಿಮ್ಮೂರಲ್ಲಿ ನೀರಿನ ಬೆಲೆ ಏನು ಅಂತ ನನಗೆ ಗೊತ್ತು. ಆದಿಲಶಾಹಿಗಳ ಕಾಲದಲ್ಲೇ ಸುರಂಗ ಕೊರೆದು ಪೇಟೆಗೆ ನೀರು ತಂದ ಊರಿನವಳು ನೀನು, ನಿನ್ನ ಸಂಕಟ ಸುಳ್ಳಲ್ಲ. ಆದರೆ ಆ ಮಾತನ್ನು ತರಗತಿಯಲ್ಲಿ ಆಡುವ ಮುಂಚೆ ಎರಡು ಅಳಿವೆ ನೋಡಿಕೊಂಡು ಬಾ. ಬಸ್ಸಲ್ಲಿ ಅರ್ಧ ಮುಕ್ಕಾಲು ತಾಸಿನ ದೂರದ ಎರಡು ಅಳಿವೆಗಳು.

ಒಂದು ನಿನ್ನ ಹೊನ್ನಾವರದ್ದೇ, ಶರಾವತಿಯದು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದರು, ಆಮೇಲೆ ಕೆಳಗೆ ಗೇರುಸೊಪ್ಪೆಯಲ್ಲೂ ಅಣೆಕಟ್ಟು ಬಂತು. ರಾಜ್ಯಕ್ಕೆ ಬೆಳಕು ಕೊಟ್ಟ ಹೊಳೆ ಅದು, ನಾವೂ ಆ ಬೆಳಕಲ್ಲೇ ಓದಿದವರು. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಮಳೆಗಾಲ ಬೇಸಿಗೆ ಅನ್ನದೆ ವರ್ಷವಿಡೀ ಒಂದೇ ಸಮನೆ ಅಳಿವೆಗೆ ಬರುತ್ತದೆ. ಅಲ್ಲಿಯ ಉಪ್ಪಿನಂಶ ಕುಸಿಯಿತು, ಬಳಚು ಅನ್ನುವ ಚಿಪ್ಪುಮೀನು ಕಡಿಮೆಯಾಯಿತು, ಮೀನಿನ ಬಗೆಗಳೂ ಕಡಿಮೆಯಾದವು. ಇನ್ನೊಂದು ಕುಮಟಾದ ಅಘನಾಶಿನಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟು ಒಂದೂ ಇಲ್ಲದೆ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು, ನಡುವಿನ ತಿಂಗಳುಗಳಲ್ಲಿ ಎರಡೂ ಬೆರೆತದ್ದು. ಆ ಏರುಪೇರೇ ಬಳಚಿಗೆ, ಸೀಗಡಿಗೆ, ಏಡಿಗೆ ಬೇಕಾದ್ದು. ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ಕೆಸರಿಗಿಳಿದು ಬಳಚು ಹೆಕ್ಕುವುದನ್ನು ನೋಡು. ಘಟ್ಟದ ಮೇಲಿನ ಕಾಡಿನಿಂದ ಹೊಳೆ ಹೊತ್ತು ತಂದ ಸತ್ವದಿಂದ ಅವರ ಮನೆಯ ಒಲೆ ಉರಿಯುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು, ಜಗತ್ತಿನ ಮುಖ್ಯ ಜೌಗುಭೂಮಿಗಳಲ್ಲಿ ಒಂದಾಗಿ.

ಅಲ್ಲಿಂದ ಮಾಣಿಕಟ್ಟೆಯ ಗಜನಿಗೆ ಹೋಗು. ಕಗ್ಗ ಅನ್ನುವ ಭತ್ತ ಬೆಳೆಯುವ ಜಾಗ. ಉಪ್ಪನ್ನೂ ತಾಳುತ್ತದೆ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದ್ದರೂ ಎದ್ದು ನಿಲ್ಲುತ್ತದೆ. ಮಳೆಗಾಲದ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲು ಬಿಡುತ್ತಾರೆ, ಆಮೇಲೆ ಕಟ್ಟಿನ ಬಾಗಿಲು ತೆರೆದು ಉಬ್ಬರದ ನೀರು ಬಿಟ್ಟುಕೊಳ್ಳುತ್ತಾರೆ, ಆ ಹುಲ್ಲಿನ ನಡುವೆ ಮೀನು, ಸೀಗಡಿ ಬೆಳೆಯುತ್ತವೆ. ಸಮುದ್ರ ಸೇರುವ ನೀರು ಇಲ್ಲಿ ವ್ಯರ್ಥವಾಯಿತು ಅಂತ ಯಾವ ರೈತನ ಮುಂದೆ ಹೇಳುತ್ತೀಯ? ಅಘನಾಶಿನಿಯನ್ನು ವೇದಾವತಿಗೆ, ಬೇಡ್ತಿಯನ್ನು ವರದೆಗೆ ಜೋಡಿಸುವ ಪ್ರಸ್ತಾವಗಳು ಸುದ್ದಿಯಲ್ಲಿರುವಾಗ ಮಕ್ಕಳು ನಿನ್ನನ್ನು ಕೇಳುತ್ತಾರೆ. ಘೋಷಣೆ ಕಲಿಸಬೇಡ, ಆ ಕಡೆಯದನ್ನೂ ಈ ಕಡೆಯದನ್ನೂ. ಎರಡು ಅಳಿವೆಯ ಕಥೆ ಹೇಳು, ನಿಮ್ಮೂರಿನ ಬಾಯಾರಿಕೆಯ ಕಥೆಯನ್ನೂ ಹೇಳು. ಎರಡನ್ನೂ ಬಲ್ಲ ಶಿಕ್ಷಕಿ ಇಲ್ಲಿ ನೀನೊಬ್ಬಳೇ ಇರಬಹುದು, ಅದು ಮಕ್ಕಳ ಭಾಗ್ಯ.

ಹಳ್ಳಕ್ಕೆ ಒಡ್ಡು ಕಟ್ಟಿಸುವುದು ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಹರಿವು ಸಣ್ಣದಾದ ಮೇಲೆ, ಕಲ್ಲು, ಮಣ್ಣು, ಸೊಪ್ಪು ಸೇರಿಸಿ ಮೊಣಕಾಲೆತ್ತರ. ಪಾಲಕರನ್ನು ಕರೆ, ತೋಟದ ಯಜಮಾನರನ್ನು ಕೇಳು. ಪೂರ್ತಿ ಮುಚ್ಚಬೇಡಿ, ಕೆಳಗಿನ ಮನೆಗಳಿಗೂ ಮೀನಿಗೂ ಹರಿವು ಬಿಡಿ. ಪ್ಲಾಸ್ಟಿಕ್ ಚೀಲ ಬಳಸಿದ್ದರೆ ಮೇ ಮುಗಿಯುವುದರೊಳಗೆ ತೆಗೆದುಬಿಡಿ, ಇಲ್ಲದಿದ್ದರೆ ಮೊದಲ ಮಳೆಗೆ ಅದು ಅಳಿವೆಯಲ್ಲಿ.

ಇಂಗುಗುಂಡಿಯ ವಿಷಯದಲ್ಲಿ ಮಾತ್ರ ಎಚ್ಚರ. ಎಲ್ಲ ಕಡೆ ಗುಂಡಿ ತೋಡಿ ನೀರು ಇಂಗಿಸಿ ಅನ್ನುವ ಸಲಹೆ ಬಯಲಿಗೆ ಸರಿ, ಕಡಿದಾದ ಗುಡ್ಡದ ಬುಡದ ಮನೆಗಳ ಮೇಲ್ಭಾಗಕ್ಕೆ ಸರಿಯಲ್ಲ. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಒಂದೇ ದಿನಕ್ಕೆ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದಾಗ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಹೋದರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡವೇ ಜಾರಿ ಗಂಗಾವಳಿಗೆ ಬಿತ್ತು. ಬುಡ ಕಡಿದ ಗುಡ್ಡಕ್ಕೆ ನೀರು ಕುಡಿಸಿದರೆ ಅದು ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಗಿಡಮರ, ಸಪಾಟು ಜಾಗದಲ್ಲಿ ಗುಂಡಿ. ಗುಡ್ಡದಲ್ಲಿ ಹೊಸ ಬಿರುಕು ಕಂಡರೆ, ಹರಿಯುತ್ತಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾದರೆ ಮನೆಯಲ್ಲಿ ಹೇಳಬೇಕು ಅಂತ ಒಂದನೆಯ ತರಗತಿಯಿಂದಲೇ ಕಲಿಸು.

ಬಾವಿಯ ಹತ್ತಿರದ ಶೌಚಗುಂಡಿಯ ಮಾತೂ ಆಡಬೇಕು, ನಾಚಿಕೆ ಬೇಡ. ಮುರಕಲ್ಲಿನ ತೂತುಗಳಲ್ಲಿ ಗುಂಡಿಯ ನೀರು ಬಾವಿಗೆ ಸುಲಭವಾಗಿ ಹಾದುಬರುತ್ತದೆ. ಗ್ರಾಮ ಪಂಚಾಯತಿಯಲ್ಲಿ ಜಲಜೀವನ್ ಮಿಷನ್ನಿನ ನೀರು ಪರೀಕ್ಷೆಯ ಕಿಟ್ ಇರುತ್ತದೆ, ಕೇಳಿ ಪಡೆ. ಆ ಕಿಟ್ಟಿನಲ್ಲಿರುವ ಸಣ್ಣ ಬಾಟಲಿಗೆ ಬಾವಿಯ ನೀರು ತುಂಬಿ ಒಂದೆರಡು ದಿನ ಬಿಟ್ಟು ನೋಡಿದಾಗ ಕಪ್ಪಾಗಿದ್ದರೆ ಆ ನೀರು ಕುದಿಸದೆ ಕುಡಿಯಲು ಬಾರದು. ಯಾರ ಮನೆಯ ಬಾವಿ ಅಂತ ತರಗತಿಯಲ್ಲಿ ಹೆಸರು ಹೇಳಬೇಡ, ಆ ಮನೆಗೆ ನೀನೇ ಸಂಜೆ ಹೋಗಿ ಹೇಳು.

ನಿನ್ನ ತರಗತಿಯಲ್ಲಿ ಎಷ್ಟು ಭಾಷೆಯ ಮಕ್ಕಳಿದ್ದಾರೆ ನೋಡಿಕೊ. ಮನೆಯಲ್ಲಿ ಕೊಂಕಣಿ, ನವಾಯತಿ, ಉರ್ದು, ಹವಿಗನ್ನಡ, ಹಾಲಕ್ಕಿ ಕನ್ನಡ. ಮೀನು ಹಿಡಿಯುವ ಹರಿಕಂತ್ರರ, ಖಾರ್ವಿಗಳ ಮಗುವಿಗೆ ಉಬ್ಬರ ಇಳಿತದ ಹೊತ್ತು ಗಡಿಯಾರ ನೋಡದೆ ಗೊತ್ತು. ತೋಟಿಗರ ಮಗುವಿಗೆ ತೋಟದ ಬಸಿಗಾಲುವೆ, ಅಂದರೆ ಕಾದಿಗೆ, ಯಾವ ಕಡೆ ಹರಿಯಬೇಕು ಅಂತ ಗೊತ್ತು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಒಂದೇ ಹಳ್ಳದ ನಕ್ಷೆ ಬರೆಸು, ಮೇಲರ್ಧ ಒಬ್ಬರು, ಕೆಳಗರ್ಧ ಒಬ್ಬರು. ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ ಅಂತ ಕೇಳಿ ಬರಲು ಹೇಳು. ಹೊನ್ನಾವರ ಪಟ್ಟಣದ ಮಗು ಶರಾವತಿ ಅನ್ನುತ್ತದೆ, ಕಿಟಕಿಯಿಂದ ಕಾಣುವುದು ಅದೇ ತಾನೆ. ಆದರೆ ಆ ಪಟ್ಟಣದ ನಲ್ಲಿಗೆ ವರ್ಷಾನುಗಟ್ಟಲೆ ಬಂದದ್ದು ಕುಮಟಾ ಕಡೆಯ ಮರಾಕಲ್ ಯೋಜನೆಯ ಅಘನಾಶಿನಿಯ ನೀರು. ಭಟ್ಕಳ ಪೇಟೆಗೆ ಕಡವಿನಕಟ್ಟೆಯಿಂದ ಬರುತ್ತದೆ. ಕುಡಿದ ಲೋಟದಿಂದ ಹಿಂದಕ್ಕೆ ನಡೆದು ಹೊಳೆ ಮುಟ್ಟುವಷ್ಟು ದಾರಿ ಪ್ರತಿ ಮಗುವಿಗೂ ಬರಬೇಕು.

ಹೆಣ್ಣುಮಕ್ಕಳಿಗೆ ಶಿರಸಿ ಗಣೇಶನಗರದ ಗೌರಿ ನಾಯ್ಕರ ಕಥೆ ಹೇಳು. ತೋಟಕ್ಕೆ ನೀರು ಬೇಕೆಂದು ಒಬ್ಬರೇ ಬಾವಿ ತೋಡಿದವರು, 2024ರಲ್ಲಿ ಅಂಗನವಾಡಿಯ ಮಕ್ಕಳಿಗಾಗಿ ಮತ್ತೆ ಗುದ್ದಲಿ ಹಿಡಿದು ಇಳಿದರು. ನೀರು ಹೊರುವ ಕೆಲಸ ಹೆಂಗಸರ ಪಾಲಿಗೆ ಬಿಟ್ಟ ಊರುಗಳಲ್ಲಿ ನೀರಿನ ತೀರ್ಮಾನವೂ ಅವರ ಕೈಯಲ್ಲಿರಬೇಕು.

ಕೊನೆಯದಾಗಿ, ಬಾವಿಯ ಪುಸ್ತಕವನ್ನು ಕಪಾಟಿನಲ್ಲಿ ಇಡಬೇಡ. ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಬಹಳ ಕಡೆ ಮಕ್ಕಳಿಂದ ಒಂದು ಹಾಡು, ಒಂದು ಭಾಷಣ ಮಾಡಿಸಿ ಚಹಾ ಕುಡಿದು ಮುಗಿಸುತ್ತಾರೆ. ನಿನ್ನ ಮಕ್ಕಳು ಪುಸ್ತಕ ಹಿಡಿದು ಹೋಗಲಿ. ಯಾವ ಬಾವಿ ಯಾವ ತಿಂಗಳಲ್ಲಿ ಎಷ್ಟು ಇಳಿಯಿತು, ಯಾವ ಹಳ್ಳಕ್ಕೆ ಎಲ್ಲಿ ಒಡ್ಡು ಬೇಕು, ಉದ್ಯೋಗ ಖಾತರಿಯಲ್ಲಿ ಅದನ್ನು ಹಾಕಿಕೊಳ್ಳುತ್ತೀರಾ ಅಂತ ಕೇಳಲಿ. ಕೇಳಿದ್ದನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಲಿ. ಏಳನೆಯವರು ಶಾಲೆ ಬಿಡುವ ದಿನ ಪುಸ್ತಕ, ಗಂಟಿನ ಹಗ್ಗ, ಆ ಸ್ವೀಕೃತಿಯ ಚೀಟಿ ಮೂರನ್ನೂ ಆರನೆಯವರ ಕೈಗೆ ಕೊಡಿಸು. ಮರುವರ್ಷದ ಸಭೆಯಲ್ಲಿ ಅವರು ಹಳೆಯ ಚೀಟಿಯಿಂದಲೇ ಮಾತು ಶುರು ಮಾಡಲಿ, ನೀನು ಅವರ ಹಿಂದೆ ನಿಂತಿರು.